ಹಿತ್ತಲ ಹೊಸ್ತಿಲು, ಗಿಣ್ಣ ಮತ್ತು ನಾನು

ಆಕಳ ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕರುವನ್ನು ಸರಿಪಡಿಸುವುದು ಹೇಗೆಂದು ನನಗೆ ಕಲಿಸಿದವರಿದ್ದರು. ಎತ್ತಿನ ಕಾಲಿಗೆ ಹಗ್ಗ ಹಾಕಿ ನೋವಾಗದಂತೆ ನೆಲಕ್ಕೆ ಮಲಗಿಸುವುದನ್ನು ಕಲಿಸಿದವರೂ ಇದ್ದರು. ಬೊಗಸೆಯಷ್ಟಿರುವ ನಾಯಿಮರಿ ಮನೆಯೊಳಗೆ ಉಚ್ಚೆ ಹೊಯ್ದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ದನದ ದವಾಖಾನೆಯಲ್ಲಿ ಕಾಂಪೌಂಡರನಾಗಿ ಚಿಂಚೋಳಿ, ವಾಡಿ, ಸೇಡಂ, ಚಿತ್ತಾಪುರ ಎಂದು ತಿರುಗಿ ಈಗ ಮನೆಯಲ್ಲಿ ಕುಳಿತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ಬರುತ್ತಾರೆ. ಅವರು ಆಕಳ ಬಗ್ಗೆ ಕೇಳುವುದು ಕಡಿಮೆ, ಸಣ್ಣ ನಾಯಿಗಳ ಬಗ್ಗೆ ಕೇಳುವುದೇ ಹೆಚ್ಚು. ಬಾಯಲ್ಲಿ ಹೇಳುವಾಗ ಒಂದು ಕಡೆ ಬಂದು ನನ್ನ ಮಾತು ನಿಂತುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಂಡದ್ದನ್ನು ಕಂಡದ್ದೆಂದೂ, ಊಹಿಸಿದ್ದನ್ನು ಊಹೆಯೆಂದೂ ಬರೆಯುತ್ತೇನೆ.

ಮೊದಲ ಕೆಲಸ ಚಿಂಚೋಳಿ ಕಡೆಯ ಚಿಮ್ಮನಚೋಡದಲ್ಲಿ. ಅಲ್ಲಿ ನಾಯಿ ಎಂದರೆ ಅಂಗಳದ ಜೀವ. ಅದಕ್ಕೆ ಮನೆಯೊಳಗಿನ ನಡತೆ ಕಲಿಸುವ ಪ್ರಶ್ನೆಯೇ ಇರಲಿಲ್ಲ. ಅದು ಒಳಗೆ ಬರುತ್ತಿರಲಿಲ್ಲ, ಬಂದರೆ ಹೊರಗೆ ಹೋಗುವುದು ಹೇಗೆಂದು ಅದಕ್ಕೇ ಗೊತ್ತಿತ್ತು. ಸಣ್ಣ ನಾಯಿಗಳನ್ನು ನಾನು ಮೊದಲು ನೋಡಿದ್ದು ವಾಡಿಗೆ ವರ್ಗವಾದ ಮೇಲೆ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ರೈಲ್ವೆ ಕ್ವಾರ್ಟರ್ಸಿನ ಎರಡು ಸಾಲುಗಳಲ್ಲಿ ಬಿಳಿ ಕೂದಲಿನ, ಗುಬ್ಬಿಯಂತೆ ಪುಟಿಯುವ ಪಾಮೇರಿಯನ್ ಮರಿಗಳು ಇದ್ದವು. ಕರೆದವರ ಮನೆಗೆ ಹೋದರೆ ಕಾಯಿಲೆ ಏನೂ ಇರುತ್ತಿರಲಿಲ್ಲ. ದೂರು ಒಂದೇ: "ಮನ್ಯಾಗ ಎಲ್ಲಿ ಬೇಕಾದಲ್ಲಿ ಮಾಡ್ತದ್ರಿ."

ಆಗಿದ್ದ ಡಾಕ್ಟರು ಬೀದರ ಕಡೆಯವರು. ಅವರ ಔಷಧ ಸುಲಭದ್ದು. "ಅರೆ, ಪೇಪರ್ ಸುತ್ತಿ ಎರಡು ಕೊಡ್ರಿ, ಮೂತಿ ಹಿಡಿದು ಅದರಾಗೇ ಒರಸ್ರಿ. ಸೀದಾ ಆಗ್ತದ" ಎನ್ನುತ್ತಿದ್ದರು. ಜನ ಹಾಗೆಯೇ ಮಾಡುತ್ತಿದ್ದರು. ಮರಿಗಳು ಸೀದಾ ಆಗಲಿಲ್ಲ, ಮಂಚದ ಕೆಳಗೆ ಹೋಗಿ ಮಾಡುವುದನ್ನು ಕಲಿತವು. ಮಾಡಿದ್ದು ತಪ್ಪಲ್ಲ, ಇವರ ಕಣ್ಣೆದುರು ಮಾಡಿದ್ದು ತಪ್ಪು ಎಂದು ಅವು ತಿಳಿದಿರಬೇಕು. ಇದು ನನ್ನ ಊಹೆ.

ಸರಿಯಾದ ಪಾಠ ಹೇಳಿದವರು ರಾಜಮ್ಮ ಎಂಬ ತೆಲುಗು ಹೆಂಗಸು. ಅವರ ಗಂಡ ರೈಲ್ವೆ ಗಾರ್ಡ್. ಅವರ ಮನೆಯಲ್ಲಿ ಮೂರು ನಾಯಿಗಳಿದ್ದರೂ ನೆಲ ಒಣಗಿರುತ್ತಿತ್ತು. ಹೇಗೆಂದು ಕೇಳಿದೆ.

"ನಿಮ್ಮ ಡಾಕ್ಟರ್ ಸಾರ್ ಪಿಲ್ಲಲನ್ನ ಬೆಳಸ್ಯಾರೇನಯ್ಯಾ?" ಎಂದರು. "ಕೂಸು ಎದ್ದ ಕೂಡಲೇ ಏನು ಮಾಡ್ತದ? ಹಾಲು ಕುಡದ ಮ್ಯಾಲ ಏನು ಮಾಡ್ತದ? ಇದೂ ಅಷ್ಟೇ. ಎದ್ದರ ಎತ್ತಿಕೊಂಡು ಹೊರಗ ಹೋಗು. ತಿಂದರ ಹೊರಗ ಹೋಗು. ಆಡಿ ಸುಸ್ತಾದರ ಹೊರಗ ಹೋಗು. ದಿನಾ ಒಂದೇ ಜಾಗಕ್ಕ ಹೋಗು. ಅದು ಮಾಡಿದ ಮ್ಯಾಲ ಹೊಗಳು. ನಿನ್ನ ಹೆಂಡತಿ ಅಡಗಿ ಹೊಗಳ್ತೀಯೋ ಇಲ್ಲೋ, ಹಂಗ."

"ಒಳಗ ಮಾಡಿದ್ರ?"

"ಮಾಡಿದ್ರ ಒರಸು. ಅದು ನಿನ್ನ ತಪ್ಪು. ಹೊಡದರ ಅದಕ್ಕ ಏಮಿ ತಿಳೀತದಯ್ಯಾ?"

ಇದಕ್ಕಿಂತ ಹೆಚ್ಚಿನದನ್ನು ಆ ವಿಷಯದಲ್ಲಿ ನಾನು ಮುಂದೆಯೂ ಕಲಿಯಲಿಲ್ಲ.

ಸೇಡಂನಲ್ಲಿದ್ದಾಗ ಕಂಡ ಇನ್ನೊಂದು ನಾಯಿಯನ್ನು ಹೇಳಿ ಮುಂದೆ ಹೋಗುತ್ತೇನೆ. ಅದು ಬಂದವರಿಗೆಲ್ಲ ಮುಂಗಾಲೆತ್ತಿ ಶೇಕ್‌ಹ್ಯಾಂಡ್ ಕೊಡುತ್ತಿತ್ತು, ಆದರೆ ಲೈನ್‌ಮನ್ ಬಂದರೆ ಅವನ ಪ್ಯಾಂಟಿಗೆ ಬಾಯಿ ಹಾಕುತ್ತಿತ್ತು. ಮನೆಯವರು ನನ್ನನ್ನು ಕರೆಸಿ, ಇದಕ್ಕೆ ಏನಾದರೂ ಮದ್ದು ಕೊಡಿ ಎಂದರು. ನಾನು ಕುಳಿತಿರುವಾಗಲೇ ಲೈನ್‌ಮನ್ ಬಂದ, ನಾಯಿ ಹಾರಿತು, ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಬಡಪಾಯಿ ಲೈನ್‌ಮನ್ ನನ್ನ ಮುಖ ನೋಡಿ, "ಸಾಹೇಬ್ರ, ಮದ್ದು ಯಾರಿಗಿ ಕೊಡ್ಲಿಕ್ಕ ಬಂದೀರಿ?" ಎಂದ. ನಾಯಿ ನಮ್ಮ ಮಾತಿನಿಂದಷ್ಟೇ ಕಲಿಯುವುದಿಲ್ಲ. ನಮ್ಮ ನಗೆಯಿಂದಲೂ, ನಾವು ಗಮನಿಸದೆ ದಿನಾ ಮಾಡುವ ಚಿಕ್ಕ ಚಿಕ್ಕ ಕೆಲಸಗಳಿಂದಲೂ ಕಲಿಯುತ್ತದೆ. ಈ ಮಾತನ್ನು ನೆನಪಿಡಿ. ಚಿತ್ತಾಪುರದಲ್ಲಿ ನಾನೇ ಇದನ್ನು ಮರೆತಿದ್ದೆ.

ಚಿತ್ತಾಪುರಕ್ಕೆ ಬಂದಾಗ ಒಂದು ದಿನ ದವಾಖಾನೆಗೆ ಶಾಮಾಚಾರ್ಯ ಮಾಸ್ತರರೇ ಬಂದರು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ನಾನು ಗುಂಡಗುರ್ತಿಯ ಹುಡುಗ, ನಮ್ಮಪ್ಪ ಶಹಾಬಾದಿನ ಕಲ್ಲಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಒಡೆಯುತ್ತಿದ್ದ. ಮಾಸ್ತರರು ತರಗತಿಯಲ್ಲಿ ಯಾರನ್ನೂ ಬೇರೆಯಾಗಿ ನೋಡುತ್ತಿರಲಿಲ್ಲ. ಲೆಕ್ಕ ತಪ್ಪಿದರೆ ಅಳತೆಪಟ್ಟಿಯ ಏಟು ಎಲ್ಲರ ಗೆಣ್ಣಿಗೂ ಒಂದೇ ರೀತಿ ಬೀಳುತ್ತಿತ್ತು. ನಿವೃತ್ತರಾದ ಮೇಲೆ ಓಣಿಯ ಹಣಮಪ್ಪನ ಗುಡಿಯ ಪೂಜೆ ನೋಡಿಕೊಂಡಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಗ ಪ್ರಹ್ಲಾದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಸೊಸೆ ಸುಧಾಬಾಯಿ ಮನೆಯಲ್ಲಿ.

"ಮರೆಪ್ಪಾ, ನಮ್ಮ ಪ್ರಹ್ಲಾದ ಒಂದು ನಾಯಿ ತಂದಾನಪ್ಪಾ" ಎಂದರು. "ವರ್ಗಾ ಆಗಿ ಹೋಗೋ ಒಬ್ಬ ರೈಲ್ವೆಯವರು ಇವನ ಕೈಯಾಗ ಹಾಕ್ಯಾರ. ಇವ ಬ್ಯಾಡ ಅನ್ನಲಿಲ್ಲ. ಈಗ ನಮ್ಮ ಮನಿ ಮಡಿ ಹುಡಿ ಎಲ್ಲಾ ಆ ನಾಕು ಕಾಲಿನ ಕೈಯಾಗ ಅದ. ಹೊರಗ ಬಿಡ್ರಿ ಅಂದ್ರ ಸುಧಾ ಅಳ್ತಾಳ. ನೀ ಬಂದು ನೋಡು."

ನೋಡಲು ಹೋದೆ. ಬಿಳಿ ಎಂದರೆ ಪೂರ್ತಿ ಬಿಳಿಯಲ್ಲ, ಈದ ಆಕಳ ಮೊದಲ ಹಾಲಿನ ಗಿಣ್ಣದಂತೆ ತುಸು ಹಳದಿ ಕಲೆತ ಬಣ್ಣ. ಹೆಸರೂ ಗಿಣ್ಣ ಎಂದೇ ಇಟ್ಟಿದ್ದರು. ರಾಮಾ, ಗೋಪಾ ಎಂದು ಯಾಕೆ ಇಡಲಿಲ್ಲ ಎಂದು ಕೇಳಿದ್ದಕ್ಕೆ ಮಾಸ್ತರರು, "ದೇವರ ಹೆಸರು ಇಟ್ಟರ ಬೈಲಿಕ್ಕ ಬರಂಗಿಲ್ಲೋ. ಇದಕ್ಕ ದಿನಕ್ಕ ಹತ್ತು ಸಲ ಬೈಬೇಕು" ಎಂದರು.

ಆ ಮನೆಗೆ ನಾನು ಹೋಗುತ್ತಿದ್ದದ್ದು ಪಕ್ಕದ ಸಂದಿಯಿಂದ ಹಿತ್ತಲಿಗೆ. ಹಿತ್ತಲಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಕಟ್ಟೆ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ನಡುಮನೆಗೆ ಹೋಗುವ ಬಾಗಿಲು, ಅದಕ್ಕೆ ಎತ್ತರದ ಕಲ್ಲಿನ ಹೊಸ್ತಿಲು. ನಾನು ಕಟ್ಟೆಯ ಮೇಲೆ ಕೂಡುತ್ತಿದ್ದೆ. ಸುಧಾಬಾಯಿ ಚಹಾ ತಂದು ಕಟ್ಟೆಯ ಅಂಚಿಗೆ ಇಡುತ್ತಿದ್ದರು. ಕುಡಿದು ಲೋಟ ತೊಳೆದು ಬೋರಲು ಇಟ್ಟು ಬರುತ್ತಿದ್ದೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಗಿಣ್ಣನಿಗೆ ಕಲಿಸಬೇಕಾದ ಮೊದಲ ನಡತೆಯೂ ಆ ಹೊಸ್ತಿಲಿನದೇ ಆಗಿತ್ತು: ಮುಂದಿನ ಪಡಸಾಲೆಯಲ್ಲಿ ಮಲಗಬಹುದು, ಹಿತ್ತಲಲ್ಲಿ ಆಡಬಹುದು, ನಡುಮನೆಗೆ ಕಾಲಿಡಬಾರದು. ಅದನ್ನು ಅದು ಬೇಗ ಕಲಿತಿತು.

ಉಚ್ಚೆಯ ಪಾಠ ಮಾತ್ರ ಹತ್ತಲಿಲ್ಲ. ರಾಜಮ್ಮನವರ ಪದ್ಧತಿಯನ್ನೇ ಹೇಳಿಕೊಟ್ಟಿದ್ದೆ. ಸುಧಾಬಾಯಿ ಚಾಚೂ ತಪ್ಪದೆ ಮಾಡುತ್ತಿದ್ದರು. ಆದರೂ ಮರಿ ಪಡಸಾಲೆಯ ಒಂದೇ ಮೂಲೆಗೆ ಹೋಗಿ, ಎರಡು ಫರಸಿ ಕೂಡುವ ಒಂದೇ ಸಂದಿನಲ್ಲಿ ಮಾಡುತ್ತಿತ್ತು.

"ಆ ಜಾಗಾ ಹ್ಯಾಂಗ ತೊಳೀತೀರಿ ಬಾಯಾರ?" ಎಂದು ಕೇಳಿದೆ.

"ಬಿಸಿನೀರಿಲೆ ತೊಳದು ಒರಸ್ತೀನ್ರಿ. ಅಷ್ಟು ಸ್ವಚ್ಛ ಅಡಗೀಮನಿನೂ ಮಾಡಂಗಿಲ್ಲ. ಆಮ್ಯಾಲ ಮಾವನವರು ಗೋಮೂತ್ರ ಚಿಮುಕಿಸಿ ಶುದ್ಧಿ ಮಾಡ್ತಾರ."

ನನಗೆ ನಗು ಬಂತು, ಆದರೆ ಮಾಸ್ತರರ ಎದುರು ನಗುವ ಅಭ್ಯಾಸವಿರಲಿಲ್ಲ. ಕೆಮ್ಮಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಯಾಕೋ, ಏನು ತಪ್ಪಾತು?"

"ತಪ್ಪಲ್ರಿ ಸರ. ನಾಯಿಗಿ ಮೂಗೇ ಕಣ್ಣು. ಎಲ್ಲಿ ಉಚ್ಚಿ ವಾಸನಿ ಬರ್ತದೋ ಅದು ಉಚ್ಚಿ ಹೊಯ್ಯೋ ಜಾಗಾ ಅಂತ ಅದರ ಲೆಕ್ಕ. ಆಕಳದ್ದೋ ತನ್ನದೋ ಅಂತ ಅದಕ್ಕ ಭೇದ ಇಲ್ರಿ."

ಒಳಗಿನಿಂದ ಸುಧಾಬಾಯಿಯ ಬಳೆಯ ಸಪ್ಪಳ, ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕ ಸದ್ದು ಕೇಳಿಸಿತು.

"ಹಂಗಾದ್ರ ದಿನಾ ಮುಂಜಾನಿ ನಾನೇ ಅದಕ್ಕ ಜಾಗಾ ತೋರಿಸಿ ಬರ್ಲಿಕತ್ತೀನಿ ಅನ್ನು" ಎಂದರು ಮಾಸ್ತರರು.

ಗೋಮೂತ್ರ ನಿಲ್ಲಿಸಿ ಎಂದು ನಾನು ಹೇಳಲಿಲ್ಲ, ಹೇಳುವುದು ನನ್ನ ಕೆಲಸವೂ ಅಲ್ಲ. ಬೇವಿನ ಮರದ ಹಿಂದೆ ಒಂದಿಷ್ಟು ಚಿಮುಕಿಸಿ ನೋಡಿ, ಒಳಗೆ ಬೇಕಾದರೆ ತುಳಸಿ ನೀರು ಹಾಕಿ ಎಂದೆ. ನಾನೇ ಸಿಮೆಂಟು ತಂದು, ಓಣಿಯ ಕಡೆಯಿಂದ ಪಡಸಾಲೆಗೆ ಹತ್ತಿ, ಆ ಫರಸಿ ಸಂದನ್ನು ಮುಚ್ಚಿದೆ. ಶಹಾಬಾದ ಕಲ್ಲಿನ ಸಂದಿನಲ್ಲಿ ಇಳಿದದ್ದು ಒರೆಸಿದರೆ ಹೋಗುವುದಿಲ್ಲ ಎಂಬುದು ಅಪ್ಪನಿಂದ ಗೊತ್ತಿತ್ತು. ಕೆಲವೇ ದಿನಗಳಲ್ಲಿ ಗಿಣ್ಣ ಬೇವಿನ ಮರದ ಹಿಂದೆ ಹೋಗತೊಡಗಿತು. ಮಾಸ್ತರರು ದವಾಖಾನೆಯ ಮುಂದೆ ಹಾದುಹೋಗುವಾಗ, "ನಿನ್ನ ಶಿಷ್ಯ ಪಾಸಾದ ನೋಡಪ್ಪಾ, ಗ್ರೇಸ್ ಮಾರ್ಕ್ಸ್ ಇಲ್ಲದನೇ" ಎಂದು ಕೂಗಿ ಹೇಳಿದರು.

ಎರಡನೆಯ ದೂರು ಊಟದ್ದು. ಮಾಸ್ತರರು ಮಧ್ಯಾಹ್ನ ನಡುಮನೆಯಲ್ಲಿ, ಹಿತ್ತಲ ಬಾಗಿಲಿಗೆ ಹತ್ತಿರ ಎಲೆ ಹಾಕಿಕೊಂಡು ಉಣ್ಣುತ್ತಿದ್ದರು. ಅದಕ್ಕೆ ಮೊದಲು ಕಾಗೆಗೆಂದು ಕಟ್ಟೆಯ ಮೇಲೆ ಒಂದು ಹಿಡಿ ಅನ್ನ ಇಡುತ್ತಿದ್ದರು. ಕಾಗೆ ಬರುವ ಮೊದಲೇ ಗಿಣ್ಣ ಅದನ್ನು ಮುಗಿಸಿಬಿಡುತ್ತಿತ್ತು. "ನಮ್ಮ ಹಿರಿಯರು ಉಪವಾಸ ಬಿದ್ದಾರ, ಇದು ದಪ್ಪ ಆಗ್ಲಿಕತ್ತದ" ಎಂದು ಮಾಸ್ತರರು ಹೇಳಿದಾಗ ಅರ್ಧ ತಮಾಷೆ, ಅರ್ಧ ಸಂಕಟ.

ಅವರಿಗೆ ನಾನು ಮುಷ್ಟಿಯ ಪಾಠ ತೋರಿಸಿದೆ. ಒಂದು ತುತ್ತು ಅನ್ನ ಮುಷ್ಟಿಯಲ್ಲಿ ಹಿಡಿದು ನಾಯಿಯ ಮುಂದೆ ಇಡಬೇಕು. ಅದು ಮೂಸುತ್ತದೆ, ಕೆರೆಯುತ್ತದೆ, ಗೊಣಗುತ್ತದೆ. ಸುಮ್ಮನಿರಬೇಕು. ಬೇಸತ್ತು ಹಿಂದೆ ಸರಿದು ಕುಳಿತ ಕೂಡಲೇ "ಹೂಂ, ತಿನ್ನು" ಎಂದು ಮುಷ್ಟಿ ಬಿಚ್ಚಬೇಕು. ಆಮೇಲೆ ಮುಷ್ಟಿಯ ಬದಲು ತಾಟು, ತಾಟು ಇಟ್ಟ ಮೇಲೆ ಕಾಯುವ ಹೊತ್ತನ್ನು ಮೆಲ್ಲಗೆ ಹೆಚ್ಚಿಸುತ್ತ ಹೋಗಬೇಕು. ಮಾಸ್ತರರಿಗೆ ಇದು ಬಹಳ ಹಿಡಿಸಿತು. ನಲವತ್ತು ಹುಡುಗರನ್ನು ಸುಮ್ಮನೆ ಕೂಡಿಸಿದ ಮನುಷ್ಯ. ತಿಂಗಳೊಪ್ಪತ್ತಿನಲ್ಲಿ ಅವರು ಉಣ್ಣಲು ಕುಳಿತಾಗ ಗಿಣ್ಣನ ತಾಟು ಹೊಸ್ತಿಲ ಹೊರಗೆ ಇರುತ್ತಿತ್ತು, ಗಿಣ್ಣ ತಾಟಿನ ಮುಂದೆ ಕುಳಿತಿರುತ್ತಿತ್ತು, ಕಾಗೆಯ ಅನ್ನ ಕಾಗೆಗೆ ಉಳಿಯುತ್ತಿತ್ತು. ಅವರ ಊಟ ಮುಗಿಯುವವರೆಗೆ ಅದು ತಾಟು ಮುಟ್ಟುತ್ತಿರಲಿಲ್ಲ.

ಆಮೇಲೆ ನಾನು ಆ ಮನೆಗೆ ವರ್ಷಕ್ಕೊಮ್ಮೆ ಸೂಜಿ ಹಾಕಲು ಹೋಗುತ್ತಿದ್ದೆ, ಹೆಚ್ಚಾಗಿ ಮುಂಜಾನೆ. ಊಟದ ಹೊತ್ತಿಗೆ ಹೋಗುವ ಸಂದರ್ಭ ಬರಲಿಲ್ಲ. ಮಾಸ್ತರರು "ಹೂಂ, ತಿನ್ನು" ಎನ್ನುವುದನ್ನು ಯಾವಾಗ ಬಿಟ್ಟರೋ ನನಗೆ ತಿಳಿಯದು.

ಈಗ ನನ್ನ ಮಾತು ನಿಲ್ಲುವ ಜಾಗಕ್ಕೆ ಬಂದಿದ್ದೇನೆ.

ಎರಡು ಸಾವಿರದ ನಂತರದ ಒಂದು ಬೇಸಿಗೆ. ಮಾಸ್ತರರಿಗೆ ಗುಡಿಯಲ್ಲೇ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು, ಮಾತು ಪೂರ್ತಿ ನಿಂತಿತು. ಮನೆಮಂದಿ ಅವರನ್ನು ಗುಲ್ಬರ್ಗದ ಆಸ್ಪತ್ರೆಗೆ ಒಯ್ದರು. ಆ ದಿನಗಳಲ್ಲಿ ಪಕ್ಕದ ಮನೆಯವರು ಗಿಣ್ಣನ ತಾಟಿಗೆ ಅನ್ನ ಹಾಕಿ ಹೋಗುತ್ತಿದ್ದರು. ತಾಟು ಖಾಲಿಯಾಗುತ್ತಿತ್ತು ಎಂದು ಅವರು ಹೇಳಿದರು. ಖಾಲಿ ಮಾಡಿದ್ದು ನಾಯಿಯೋ ಕಾಗೆಗಳೋ, ನೋಡಿದವರಿಲ್ಲ. ಮಾಸ್ತರರನ್ನು ಮನೆಗೆ ಕರೆತಂದು ನಡುಮನೆಯಲ್ಲಿ ಮಂಚ ಹಾಕಿದಾಗ ಗಿಣ್ಣ ಬಡಕಲಾಗಿತ್ತು. ಸುಧಾಬಾಯಿ ಮೊಸರನ್ನ ಕಲಸಿ ಇಟ್ಟರು. ತಾಟಿನ ಮುಂದೆ ಕುಳಿತು ಬಾಗಿಲನ್ನೇ ನೋಡಿತು, ಬಾಯಿ ಹಾಕಲಿಲ್ಲ. ಮರುದಿನವೂ ಇಲ್ಲ. ಅವರು ಕನಿಕರದಿಂದ ಅದರ ಬಾಯಿ ಬಿಡಿಸಿ ಅನ್ನ ತುರುಕಲು ಹೋದಾಗ ಹಲ್ಲು ಬೆರಳಿಗೆ ತರಚಿ ರಕ್ತ ಬಂತು.

ಆ ಬೇಸಿಗೆ ನಮ್ಮ ಕಡೆ ಹುಚ್ಚುನಾಯಿಗಳ ಹಾವಳಿ ಇತ್ತು. ಗಿಣ್ಣನಿಗೆ ಆ ವರ್ಷದ ಸೂಜಿ ನಾನಿನ್ನೂ ಹಾಕಿರಲಿಲ್ಲ. ಹತ್ತಿರದ ಒಂದು ಹಳ್ಳಿಯಲ್ಲಿ ನಾಯಿ ಕಚ್ಚಿದ್ದನ್ನು ಮುಚ್ಚಿಟ್ಟಿದ್ದ ಒಬ್ಬ ಮನುಷ್ಯ ನೀರು ಕಂಡರೆ ನಡುಗುತ್ತ ಸತ್ತಿದ್ದ. ಆಗ ಹೊಕ್ಕುಳ ಸುತ್ತ ಹಾಕುವ ಇಂಜೆಕ್ಷನ್ನುಗಳ ಕಾಲ. ಸುಧಾಬಾಯಿಗೆ ಅವು ಶುರುವಾದವು. ಗಿಣ್ಣನನ್ನು ಬೇವಿನ ಮರಕ್ಕೆ ಸರಪಳಿಯಿಂದ ಕಟ್ಟಿ ಹತ್ತು ದಿನ ನೋಡುತ್ತಿರಲು ನಮ್ಮ ಡಾಕ್ಟರು ಹೇಳಿದರು. ಇವರು ವಾಡಿಯ ಡಾಕ್ಟರಲ್ಲ, ಬೇರೆಯವರು. ಅವಸರದ ಮನುಷ್ಯರಲ್ಲ, ಪ್ರಾಣಿಯ ಮೇಲೆ ಕೈ ಎತ್ತಿದ್ದನ್ನು ನಾನು ಕಾಣಲಿಲ್ಲ.

ನಾನು ದಿನಾ ಹೋಗಿ ನೋಡುತ್ತಿದ್ದೆ. ಅದು ಬೊಗಳುತ್ತಿರಲಿಲ್ಲ. ಹಿಂಗಾಲು ನಡುಗುತ್ತಿದ್ದವು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ನೀರಿನ ಬಟ್ಟಲಲ್ಲಿ ನೀರು ಸ್ವಲ್ಪ ಇಳಿದಿರುತ್ತಿತ್ತು, ಬಿಸಿಲಿಗೆ ಆರಿರಬಹುದು ಎಂದುಕೊಂಡೆ. ಕುಡಿಯುವುದನ್ನು ನಾನು ಕಣ್ಣಾರೆ ಕಾಣಲಿಲ್ಲ. ನಾನು ಕಲಿಸಿದ ಮಾತು ನೆನಪಾಗಿ, ತಾಟು ಮುಂದಿಟ್ಟು "ಹೂಂ, ತಿನ್ನು" ಎಂದು ಹಲವು ಸಲ ಹೇಳಿದೆ. ಅದು ನನ್ನ ಮುಖ ನೋಡಿತು, ಮತ್ತೆ ಬಾಗಿಲ ಕಡೆ ತಿರುಗಿತು.

"ಮೂಕ ಹುಚ್ಚು ಇರಬೇಕು ಮರೆಪ್ಪ" ಎಂದರು ಡಾಕ್ಟರು. "ಈ ಥರದಾಗ ಕಚ್ಚಲಿಕ್ಕ ಓಡಂಗಿಲ್ಲ. ಗಂಟಲು ಬಿದ್ದಿರ್ತದ, ನುಂಗಲಿಕ್ಕ ಆಗಂಗಿಲ್ಲ. ಸುಮ್ಮ ಕುಂತು ಸಾಯ್ತದ."

"ದವಡಿ ಜೋತಿಲ್ರಿ ಸರ."

"ಶುರುವಿನಾಗ ಜೋಲಂಗಿಲ್ಲ."

ಅದೂ ನಿಜ. ಓಣಿಯ ಜನ ಪ್ರಹ್ಲಾದನನ್ನು ಕಚೇರಿಗೆ ಹೋಗುವಾಗ ಬರುವಾಗ ತಡೆದು ಕೇಳುತ್ತಿದ್ದರು. "ನಿಮ್ಮ ಮನಿ ಹೆಂಗಸಿಗಿ ಕಚ್ಚಿದ್ದು ಸಾಲಲ್ಲೇನ್ರಿ? ನಮ್ಮ ಮಕ್ಕಳಿಗಿ ಕಚ್ಚಬೇಕೇನು?" ಕಡೆಗೆ ಪ್ರಹ್ಲಾದನೇ ಬಂದು, "ಅದರ ಸಂಕಟ ನೋಡಲಿಕ್ಕ ಆಗವಲ್ದು, ಮುಗಿಸಿಬಿಡ್ರಿ" ಎಂದ. ಡಾಕ್ಟರು ಒಪ್ಪಿದರು. ಮುಗಿಸಿದ ಮೇಲೆ ತಲೆಯನ್ನು ಬೇರೆ ಮಾಡಿ ಬರ್ಫದ ಡಬ್ಬಿಯಲ್ಲಿಟ್ಟು ಪರೀಕ್ಷೆಗೆ ಕಳಿಸಬೇಕು, ಸುಧಾಬಾಯಿಯ ಚಿಕಿತ್ಸೆಯ ದೃಷ್ಟಿಯಿಂದ ಅದು ಅಗತ್ಯ. ಆ ಡಬ್ಬಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದವನು ನಾನು.

ನಾವು ಹೋದಾಗ ಮಧ್ಯಾಹ್ನ. ಸುಧಾಬಾಯಿ ಹಿತ್ತಲ ಬಾಗಿಲಿಗೆ ಬಂದರು. ಡಬ್ಬಿಯನ್ನು ನೋಡಿದರು. ಅದು ಏತಕ್ಕೆಂದು ಪ್ರಹ್ಲಾದ ಹೇಳಿರಬೇಕು.

"ಡಾಕ್ಟರ್ ಸಾಹೇಬ್ರ, ಮಾವನವರಿಗಿ ಇವತ್ತ ಮೊದಲನೇ ಸಲ ಅನ್ನ ಕೊಡ್ಲಿಕ್ಕ ಹೇಳ್ಯಾರ. ಇಷ್ಟು ದಿನಾ ಬರೇ ಗಂಜಿ. ಅವರ ಊಟಾ ಆಗೋತನಾ ತಡೀರಿ. ಮನ್ಯಾಗ ಒಬ್ಬರು ಉಣ್ಣೂಮುಂದ ಹಿತ್ತಲದಾಗ ಇದು ಬ್ಯಾಡ್ರಿ."

ಡಾಕ್ಟರು ಗಡಿಯಾರ ನೋಡಿಕೊಂಡರು, ಆದರೆ ಕಟ್ಟೆಯ ಮೇಲೆ ಕುಳಿತರು. ಔಷಧ ತುಂಬಿದ ಸಿರಿಂಜು ಪೆಟ್ಟಿಗೆಯಲ್ಲಿತ್ತು. ನಾನು ಗಿಣ್ಣನ ಹತ್ತಿರ ನಿಂತೆ. ಅದರ ಮುಂದೆ ಮುಂಜಾನೆ ಇಟ್ಟ ಮೊಸರನ್ನ ಒಣಗುತ್ತಿತ್ತು. ತೆರೆದ ಬಾಗಿಲಿನಿಂದ ಮಂಚ ಕಾಣಿಸುತ್ತಿತ್ತು. ಪ್ರಹ್ಲಾದ ಅಪ್ಪನ ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿದ್ದ. ಸುಧಾಬಾಯಿ ತುತ್ತು ತುತ್ತಾಗಿ ಉಣಿಸುತ್ತಿದ್ದರು. ಊಟ ಮುಗಿಯಿತು. ಮಾಸ್ತರರು ಎಡಗೈಯನ್ನು ಮುಂದೆ ಚಾಚಿ, ಬೆರಳು ಮಡಚಿ, ಅಂಗೈಯನ್ನು ಗುಳಿ ಮಾಡಿದರು.

"ಇದನ್ನ ದಿನಾ ಮಾಡ್ತಾರ" ಎಂದ ಪ್ರಹ್ಲಾದ, ನಮ್ಮ ಕಡೆ ತಿರುಗಿ. "ನೀರು ಕೊಟ್ಟರ ಕುಡ್ಯಂಗಿಲ್ಲ. ಲೋಟಾ ದೂಡ್ತಾರ. ಏನು ಬೇಕೋ ತಿಳಿಯಂಗಿಲ್ಲ."

ಸುಧಾಬಾಯಿ ಲೋಟ ಹಿಡಿದರು. ಮಾಸ್ತರರು ದೂಡಿದರು, ನೀರು ಚೆಲ್ಲಿತು. ಮತ್ತೆ ಅದೇ ಎಡಗೈ, ಅದೇ ಗುಳಿ. ಬಾಯಿ ತೆರೆಯಿತು, ಗಂಟಲಿನಿಂದ ಒಂದು ಎಳೆದ ಸದ್ದು ಬಂತು, ಅಕ್ಷರವಾಗಲಿಲ್ಲ. ಕಣ್ಣಲ್ಲಿ ನೀರಿತ್ತು.

ಸುಧಾಬಾಯಿ ಆ ಕೈಯನ್ನೇ ನೋಡುತ್ತ ನಿಂತರು. "ಅಯ್ಯ, ಎಡಗೈ ಅಂತ ನಮಗ ತಿಳೀಲಿಲ್ಲ ನೋಡ್ರಿ" ಎಂದು ಗಂಡನಿಗೆ ಹೇಳಿದರು. "ಆಪೋಶನದ ನೀರು ಕೇಳ್ಲಿಕತ್ತಾರ. ಗಂಜಿ ಕುಡಿಸಿ ಮಲಗಿಸಿಬಿಟ್ಟೀವಿ. ಊಟಾ ಅಂತ ಮುಗಿಸೇ ಇಲ್ಲ ಅವರು."

ಊಟದ ಕೊನೆಗೆ ಅಂಗೈಯಲ್ಲಿ ನೀರು ಹಾಕಿಸಿಕೊಂಡು, ಉಂಡದ್ದನ್ನು ದೇವರಿಗೆ ಒಪ್ಪಿಸುವುದು ಅವರ ಪದ್ಧತಿ. ಅದು ಬಲಗೈಯ ಕೆಲಸ. ಆಕೆ ಮಾವನವರ ಜೀವವಿಲ್ಲದ ಬಲಗೈಯನ್ನು ಎತ್ತಿ ತಮ್ಮ ಎಡ ಅಂಗೈಯ ಮೇಲೆ ಇಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಒಂದು ಚಮಚೆ ನೀರು ಹಾಕಿದರು. ಕೈಯನ್ನು ಅವರ ತುಟಿಗೆ ಮುಟ್ಟಿಸಿದರು. ಮಾಸ್ತರರು ಆಕೆಯ ಮುಖ ನೋಡುತ್ತಲೇ ಇದ್ದರು. ಇನ್ನೂ ಏನೋ ಉಳಿದಿತ್ತು. ಅವರಿಗೆ ಹೇಳಲು ಬಾರದ್ದನ್ನು ಆಕೆ ಅವರ ಪರವಾಗಿ ಹೇಳಿದರು. ಅವರಿಗೆ ಕಿವಿಯೂ ಮಂದ, ಆದ್ದರಿಂದ ಗಟ್ಟಿಯಾಗಿಯೇ ಹೇಳಿದರು.

"ಶ್ರೀಕೃಷ್ಣಾರ್ಪಣಮಸ್ತು."

ನನ್ನ ಕಾಲ ಬಳಿ ಸರಪಳಿ ಸದ್ದು ಮಾಡಿತು. ಗಿಣ್ಣ ಎದ್ದು ನಿಂತಿತ್ತು. ಒಮ್ಮೆ ಬಾಗಿಲನ್ನು ನೋಡಿತು, ತಲೆ ತಗ್ಗಿಸಿತು, ಒಣಗಿದ ಮೊಸರನ್ನವನ್ನು ತಿನ್ನತೊಡಗಿತು. ಮೊದಲು ನಿಧಾನವಾಗಿ, ಆಮೇಲೆ ತಾಟು ನೆಲಕ್ಕೆ ಬಡಿಯುವಂತೆ. ನುಂಗುವುದಕ್ಕೆ ಏನೂ ತೊಂದರೆ ಇರಲಿಲ್ಲ. ನಾನು "ಸರ" ಎಂದೆ. ಡಾಕ್ಟರಿಗೆ ತಾಟಿನ ಕಡೆ ಕೈ ತೋರಿಸಿದೆ.

ಡಾಕ್ಟರು ಕಟ್ಟೆಯಿಂದ ಇಳಿದು ಬಂದು ನೋಡಿದರು. ತಾಟು ಖಾಲಿಯಾದ ಮೇಲೆ, ನಾನು ಹಿಂದೆ ಕಲಿಸಿದ್ದ ಕಾಯುವ ಪಾಠವನ್ನೆಲ್ಲ ನನ್ನಿಂದ ಕೇಳಿದರು. ಆಮೇಲೆ ಬಾಗಿಲ ಕಡೆ ತಿರುಗಿ, "ಬಾಯಾರ, ಇನ್ನೊಂದು ತುತ್ತು ಅನ್ನ ಕೊಡ್ರಿ. ನಾ ಹೇಳೋತನಾ ಸುಮ್ಮ ಇರ್ರಿ" ಎಂದರು. ಅನ್ನ ಬಂತು, ತಾಟಿಗೆ ಬಿತ್ತು. ಗಿಣ್ಣ ಕುಳಿತು ಬಾಗಿಲನ್ನು ನೋಡಿತು. ಜೊಲ್ಲು ಇಳಿಯಿತು. ಅದು ಇಷ್ಟು ದಿನ ನಾವು ಕಂಡಿದ್ದ ಅದೇ ಜೊಲ್ಲು, ಹಸಿದ ನಾಯಿಯದು. ಡಾಕ್ಟರು "ಹೂಂ, ತಿನ್ನು" ಎಂದರು. ಕದಲಲಿಲ್ಲ. "ಈಗ ಅನ್ರಿ" ಎಂದರು. ಸುಧಾಬಾಯಿ ಮತ್ತೆ "ಶ್ರೀಕೃಷ್ಣಾರ್ಪಣಮಸ್ತು" ಎಂದರು. ಗಿಣ್ಣ ತಿಂದಿತು.

ಡಾಕ್ಟರು ಸಿರಿಂಜಿನಲ್ಲಿದ್ದದ್ದನ್ನು ಬೇವಿನ ಬುಡದಿಂದ ದೂರ, ಕಲ್ಲಿನ ಮೇಲೆ ಚೆಲ್ಲಿದರು. "ಕಟ್ಟಿ ನೋಡೋ ದಿನಾ ಇನ್ನೂ ಮುಗಿದಿಲ್ಲ, ಅಷ್ಟು ದಿನಾ ಇಂಜೆಕ್ಷನ್ ಬಿಡಬ್ಯಾಡ್ರಿ" ಎಂದು ಸುಧಾಬಾಯಿಗೆ ಹೇಳಿದರು. ಆ ದಿನಗಳೂ ಮುಗಿದವು. ಗಿಣ್ಣ ಬದುಕಿತು, ದಪ್ಪವಾಯಿತು, ಉಳಿದ ಇಂಜೆಕ್ಷನ್ನುಗಳನ್ನು ಆಸ್ಪತ್ರೆಯವರು ನಿಲ್ಲಿಸಿದರು.

ಹೊಸದಾಗಿ ಸೇರಿದವರಿಗೆ ನಾನು ಹೇಳುವುದಿಷ್ಟು. ನಾಯಿಗೆ ಕಾಯುವುದನ್ನು ಕಲಿಸಿದರೆ, ಬಿಡುಗಡೆಯ ಮಾತು ಮನೆಯ ಎಲ್ಲರ ಬಾಯಲ್ಲೂ ಇರುವಂತೆ ನೋಡಿಕೊಳ್ಳಿ. ಆ ಮಾತು ಯಾವುದೆಂದು ಮನೆಯವರು ಹೇಳಿದ್ದನ್ನು ನಂಬಬೇಡಿ. ಹೋಗಿ ಕುಳಿತು ಒಂದು ಹೊತ್ತಿನ ಊಟ ನೋಡಿ. ಮಾಸ್ತರರು ಊಟದ ಕೊನೆಗೆ ಆ ಅರ್ಪಣದ ಮಾತನ್ನು ಬದುಕಿನುದ್ದಕ್ಕೂ ದಿನಾ ಹೇಳಿದ್ದರು. ದಿನಾ ಕೇಳುವ ಮಾತಾದ್ದರಿಂದ ಮನೆಯಲ್ಲಿ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದದ್ದು ಹೊಸ್ತಿಲ ಹೊರಗೆ ಕುಳಿತಿದ್ದ ಒಂದು ಜೀವ ಮಾತ್ರ. ಅಷ್ಟು ದಿನ ಅದು ಆ ಮಾತಿಗಾಗಿಯೇ ಹಸಿದಿತ್ತು ಎಂದರೆ ಹೆಚ್ಚು ಓದಿದವರು ಒಪ್ಪಲಿ, ಬಿಡಲಿ. ನಡುವೆ ಅದು ಬೇರೇನಾದರೂ ತಿಂದಿತ್ತೋ ನನಗೆ ಗೊತ್ತಿಲ್ಲ. ಮಾಸ್ತರರು ಕೈ ಗುಳಿ ಮಾಡಿ ಕೇಳಿದ್ದು ತಮ್ಮ ಊಟಕ್ಕಾಗಿಯೋ ಅದರ ಊಟಕ್ಕಾಗಿಯೋ, ಅದೂ ಗೊತ್ತಿಲ್ಲ. ಕಂಡದ್ದನ್ನು ಬರೆದಿದ್ದೇನೆ.

ಆ ಮಧ್ಯಾಹ್ನದ ಮಾತು ಇನ್ನೊಂದಿಷ್ಟು ಉಳಿದಿದೆ. ಡಾಕ್ಟರು ಹೋದ ಮೇಲೆ ನಾನು ಖಾಲಿ ಡಬ್ಬಿಯ ಪಕ್ಕ ಕಟ್ಟೆಯ ಮೇಲೆ ಕುಳಿತಿದ್ದೆ. ಒಳಗೆ ಮಾಸ್ತರರು ಮತ್ತೆ ಎಡಗೈ ಎತ್ತಿದ್ದರು. ಈ ಸಲ ಗುಳಿ ಮಾಡಿರಲಿಲ್ಲ, ಹಿತ್ತಲ ಕಡೆ ಚಾಚಿ ಬೆರಳಾಡಿಸುತ್ತಿದ್ದರು. ಸುಧಾಬಾಯಿ ಬಾಗಿಲಿಗೆ ಬಂದರು.

"ಅದನ್ನ ಕರೀಲಿಕತ್ತಾರ. ಸರಪಳಿ ಹಿಡಕೊಂಡೇ ಒಂದೀಟು ಕರಕೊಂಡು ಬರ್ರಿ."

ನಾನು ಸರಪಳಿಯನ್ನು ಮರದಿಂದ ಬಿಚ್ಚಿ ಕೈಗೆ ಸುತ್ತಿಕೊಂಡೆ. ಗಿಣ್ಣ ಮೆಟ್ಟಿಲು ಹತ್ತಿತು. ಹೊಸ್ತಿಲಿಗೆ ಬಂದು ನಿಂತಿತು. "ಬಾ" ಎಂದರು ಸುಧಾಬಾಯಿ. ಬಾಲ ಅಲ್ಲಾಡಿಸಿತು, ಕಾಲು ಎತ್ತಲಿಲ್ಲ. ಚಿಕ್ಕಂದಿನಲ್ಲಿ ಕಲಿತದ್ದು. ತಿರುಗಿ ನನ್ನ ಮುಖ ನೋಡಿತು. ನಾನೂ ಅದರ ಹಿಂದೆ, ಮೆಟ್ಟಿಲ ಮೇಲೆ ನಿಂತಿದ್ದೆ.

ಸುಧಾಬಾಯಿ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರ ಮುಖದಲ್ಲಿ ಏನೋ ಬದಲಾಯಿತು. ಸೆರಗು ಸರಿಮಾಡಿಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ನೀವು ಮೊದಲ ಬರ್ರಿ ಮರೆಪ್ಪನವರ" ಎಂದರು. "ನೀವು ಬಂದ್ರ ಅದೂ ಬರ್ತದ."

ನಾನು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದೆ. ಒಳಗೆ ಫರಸಿ ತಣ್ಣಗಿತ್ತು. ಗಿಣ್ಣ ನನ್ನ ಹಿಂದೆಯೇ ಬಂತು.